ಯಾವ ಸಮೀಕರಣ ಯಾವ ಗೆರೆಯದು?

ಕಳೆದ ತಿಂಗಳು ಕೃಷಿ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ತನ್ನ ಪ್ರಬಂಧದ ಕರಡನ್ನು ಹಿಡಿದುಕೊಂಡು ಯಲಹಂಕದ ನಮ್ಮ ಮನೆಗೆ ಬಂದಿದ್ದಳು. ಜಿಪಿಯು-28, ಎಂಎಲ್-365 ಮತ್ತು ಎಂಆರ್-6 ಎಂಬ ಮೂರು ರಾಗಿ ತಳಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಸಾರಜನಕ ಕೊಟ್ಟು, ಒಂದೊಂದು ತಾಕಿನ ಇಳುವರಿಯನ್ನೂ ತೂಗಿ, ತಳಿಗೊಂದರಂತೆ ಮೂರು ರಿಗ್ರೆಷನ್ ಗೆರೆಗಳನ್ನು (ಚುಕ್ಕೆಗಳಿಗೆ ಆದಷ್ಟು ಹತ್ತಿರವಾಗಿ ಹಾಯುವಂತೆ ಲೆಕ್ಕ ಹಾಕಿದ ಗೆರೆಗಳನ್ನು) ಅವಳು ಒಂದೇ ನಕ್ಷೆಯಲ್ಲಿ ಎಳೆದಿದ್ದಳು. ನಕ್ಷೆಯ ಎಡಗಡೆ ಮೇಲಿನ ಮೂಲೆಯಲ್ಲಿ ಮೂರು ಸಮೀಕರಣಗಳು ಒಂದರ ಕೆಳಗೊಂದು ಇದ್ದವು. ಮೂರೂ ‘ವೈ’ಯಿಂದ ಶುರುವಾಗಿ ‘ಎಕ್ಸ್’ನಲ್ಲಿ ಮುಗಿಯುತ್ತಿದ್ದವು, ಮೂರರಲ್ಲೂ ದಶಾಂಶ ಬಿಂದುವಿನ ನಂತರ ನಾಲ್ಕು ಅಂಕಿಗಳಿದ್ದವು. ಅವಳ ಗೈಡ್ ಕಾಗದದ ಮೇಲೆಯೇ ಓದುವವರಾದ್ದರಿಂದ ಇಡೀ ಕರಡನ್ನು ಕಪ್ಪು–ಬಿಳುಪಿನಲ್ಲಿ ಜೆರಾಕ್ಸ್ ತೆಗೆಸಿ ತಂದಿದ್ದಳು.

“ಇದರಲ್ಲಿ ಎಂಎಲ್-365ರ ಸಮೀಕರಣ ಯಾವುದಮ್ಮ?” ಎಂದು ಕೇಳಿದೆ. ಅವಳ ಬೆರಳು ಮೊದಲನೆಯದರ ಮೇಲೆ ನಿಂತು, ಎರಡನೆಯದಕ್ಕೆ ಜಾರಿ, ಮತ್ತೆ ಮೇಲಕ್ಕೆ ಹೋಯಿತು. “ಮೇಡಂ, ಲ್ಯಾಪ್‌ಟಾಪ್‌ನಲ್ಲಿ ಬಣ್ಣ ಇದೆ, ತೋರಿಸ್ತೀನಿ” ಎಂದಳು. ಲ್ಯಾಪ್‌ಟಾಪ್ ತೆರೆದಾಗ ಉತ್ತರ ಸಿಕ್ಕಿತು. ಜೊತೆಗೆ ಇನ್ನೊಂದು ತೊಡಕೂ ಕಂಡಿತು. ಮೂಲೆಯ ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿತ್ತು, ಗೆರೆಗಳು ಮೇಲಿನಿಂದ ಕೆಳಕ್ಕೆ ನಿಂತ ಕ್ರಮವೇ ಬೇರೆ ಇತ್ತು. ಬಣ್ಣ ಕಾಣದ ಓದುಗರು ಮೇಲಿನ ಸಮೀಕರಣವನ್ನು ಮೇಲಿನ ಗೆರೆಗೇ ಜೋಡಿಸಿಕೊಳ್ಳುತ್ತಾರೆ. ಹಾಗೆ ಜೋಡಿಸಿಕೊಂಡವರು ಒಂದು ತಳಿಯ ಗೊಬ್ಬರದ ಲೆಕ್ಕವನ್ನು ಇನ್ನೊಂದು ತಳಿಗೆ ಹಾಕಿಬಿಡುತ್ತಾರೆ.

ಅಂದು ಸಂಜೆಯವರೆಗೂ ನಾವಿಬ್ಬರೂ ಆ ಒಂದು ನಕ್ಷೆಯ ಮೇಲೆ ಕೂತೆವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಗುಂಪುಗಳಿರುವ ನಕ್ಷೆಗೆ ಸಮೀಕರಣ ಬರೆಯುವುದನ್ನು ನಮ್ಮ ತರಗತಿಗಳಲ್ಲಿ ಯಾರೂ ಬಿಡಿಸಿ ಕಲಿಸುವುದಿಲ್ಲ. ರಿಗ್ರೆಷನ್ ಕಲಿಸುತ್ತೇವೆ, ನಕ್ಷೆ ಕಲಿಸುತ್ತೇವೆ, ಅವೆರಡೂ ಸೇರುವ ಜಾಗವನ್ನು ವಿದ್ಯಾರ್ಥಿಗಳ ಪಾಡಿಗೆ ಬಿಟ್ಟುಬಿಡುತ್ತೇವೆ. ನನ್ನ ಮಾತಿನ ತಿರುಳು ಇಷ್ಟು: ಗೆರೆ ಯಾವ ಲೆಕ್ಕದಿಂದ ಹುಟ್ಟಿತೋ ಅದರ ಸಮೀಕರಣವೂ ಅದೇ ಲೆಕ್ಕದಿಂದಲೇ ಹುಟ್ಟಬೇಕು, ಮತ್ತು ಅದೇ ಗೆರೆಯ ಮಗ್ಗುಲಲ್ಲೇ ನಿಲ್ಲಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಸುಮಾರು ಹದಿನೈದು ವರ್ಷಗಳ ಹಿಂದೆ, ಆಗ ಕೆಲಸ ಮಾಡುತ್ತಿದ್ದ ಸಂಸ್ಥೆಗಾಗಿ, ಬೆಂಗಳೂರಿನ ಸುತ್ತಲಿನ ಮೂರು ತಾಲ್ಲೂಕುಗಳ ಕೊಳವೆಬಾವಿಗಳ ಆಳವನ್ನೂ ನೀರಿನ ಗಡಸುತನವನ್ನೂ ಒಂದೇ ನಕ್ಷೆಯಲ್ಲಿ ತೋರಿಸುವ ವರದಿಯೊಂದನ್ನು ಸಿದ್ಧಪಡಿಸಿದ್ದೆ. ತಾಲ್ಲೂಕಿಗೊಂದು ಗೆರೆ, ಸಮೀಕರಣಗಳನ್ನು ಮಾತ್ರ ನಾನೇ ಟೈಪ್ ಮಾಡಿ, ಪೆಟ್ಟಿಗೆಗಳಲ್ಲಿಟ್ಟು ನಕ್ಷೆಯ ಮೇಲೆ ಅಂಟಿಸಿದ್ದೆ. ವರದಿ ಮುದ್ರಣಕ್ಕೆ ಹೋಗುವ ಹಿಂದಿನ ವಾರ ಕೆಲವು ಮಾದರಿಗಳ ಅಳತೆ ತಪ್ಪಾಗಿದೆಯೆಂದು ಪ್ರಯೋಗಾಲಯ ತಿಳಿಸಿತು. ಅಂಕಿಗಳನ್ನು ತಿದ್ದಿದೆ, ಗೆರೆಗಳು ತಾವಾಗಿಯೇ ಸರಿದವು, ಪೆಟ್ಟಿಗೆಯೊಳಗಿನ ಅಕ್ಷರಗಳು ಹಾಗೆಯೇ ಉಳಿದವು. ಕೆಲವು ತಿಂಗಳ ನಂತರ ನಿವೃತ್ತ ಎಂಜಿನಿಯರ್ ಒಬ್ಬರು ಕಾಗದ ಬರೆದರು. ತಮ್ಮ ಬಾವಿಯ ಆಳವನ್ನು ಸಮೀಕರಣಕ್ಕೆ ಹಾಕಿದರೆ ಬರುವ ಉತ್ತರ ಅದೇ ನಕ್ಷೆಯ ಗೆರೆಯ ಮೇಲೆ ಬೀಳುತ್ತಿಲ್ಲ, ದಯವಿಟ್ಟು ವಿವರಿಸಬೇಕು ಎಂದು ಅವರು ಕೇಳಿದ್ದರು. ಆ ಕಾಗದ ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಅಲ್ಲಿಂದಾಚೆಗೆ ನಾನು ಯಾವ ನಕ್ಷೆಗೂ ಕೈಯಿಂದ ಸಮೀಕರಣ ಬರೆದಿಲ್ಲ.

ನಾನು ಬಳಸುವುದು ಆರ್ ಎಂಬ, ಸಂಖ್ಯಾಶಾಸ್ತ್ರದ ಕೆಲಸಕ್ಕಿರುವ ಕಂಪ್ಯೂಟರ್ ಭಾಷೆಯನ್ನು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಆರಂಭಿಸಿದ ಈ ಭಾಷೆಯ 1.0.0 ಆವೃತ್ತಿ 2000ದ ಫೆಬ್ರವರಿ 29ರಂದು ಬಂತು. ಅದರಲ್ಲಿ ನಕ್ಷೆ ಎಳೆಯಲು ಹೆಚ್ಚಿನವರು ಬಳಸುವ ಜಿಜಿಪ್ಲಾಟ್2 ಪ್ಯಾಕೇಜನ್ನು (ಸಿದ್ಧ ಕೋಡಿನ ಕಟ್ಟನ್ನು) ಹ್ಯಾಡ್ಲಿ ವಿಕಮ್ 2007ರಲ್ಲಿ ಹೊರತಂದರು. ನಕ್ಷೆಗೂ ಒಂದು ವ್ಯಾಕರಣವಿದೆ ಎಂದು ಲೆಲೆಂಡ್ ವಿಲ್ಕಿನ್ಸನ್ 1999ರಲ್ಲಿ ಮಂಡಿಸಿದ ವಿಚಾರವೇ ಅದಕ್ಕೆ ತಳಹದಿ. ಗೆರೆಯ ಜೊತೆಗೆ ಅದರ ಸಮೀಕರಣವನ್ನೂ ಲೆಕ್ಕ ಹಾಕಿ ಬರೆಯಲು ಹೆಲ್ಸಿಂಕಿ ವಿಶ್ವವಿದ್ಯಾಲಯದ ಪೆಡ್ರೊ ಅಫಾಲೊ ಅವರ ಜಿಜಿಪಿಮಿಸ್ಕ್ ಎಂಬ ಪ್ಯಾಕೇಜ್ ಇದೆ. ಅದರೊಳಗಿನ ಸ್ಟ್ಯಾಟ್_ಪಾಲಿ_ಈಕ್ಯೂ ಎಂಬ ಫಂಕ್ಷನ್ ಪ್ರತಿ ಗುಂಪಿನ ದತ್ತಾಂಶವನ್ನು ಪ್ರತ್ಯೇಕವಾಗಿ ತೆಗೆದುಕೊಂಡು, ಅದಕ್ಕೆ ಗೆರೆ ಹೊಂದಿಸಿ, ಸಮೀಕರಣವನ್ನು ಆ ಗುಂಪಿನ ಬಣ್ಣದಲ್ಲೇ ಬರೆಯುತ್ತದೆ. ಅಂಕಿ ತಿದ್ದಿದರೆ ಗೆರೆಯೂ ಅಕ್ಷರವೂ ಒಟ್ಟಿಗೆ ಬದಲಾಗುತ್ತವೆ. ನನ್ನ ಕೊಳವೆಬಾವಿಯ ವರದಿಗೆ ಬೇಕಾಗಿದ್ದುದು ಇದೇ.

ಆದರೆ ‘ಗುಂಪು’ ಎಂದರೆ ಯಾವುದು ಎಂಬುದನ್ನು ನಾವೇ ಸರಿಯಾಗಿ ಹೇಳಿಕೊಡಬೇಕು. ಆರ್‌ನ ಜೊತೆಯಲ್ಲೇ ಬರುವ ಎಂಟಿಕಾರ್ಸ್ ಎಂಬ ದತ್ತಾಂಶವನ್ನು ನೋಡಿ. 1974ರ ಅಮೆರಿಕನ್ ಮೋಟಾರು ಪತ್ರಿಕೆಯೊಂದರಿಂದ ತೆಗೆದ 32 ಕಾರುಗಳ ವಿವರ ಅದರಲ್ಲಿದೆ: 4 ಸಿಲಿಂಡರಿನವು 11, 6 ಸಿಲಿಂಡರಿನವು 7, 8 ಸಿಲಿಂಡರಿನವು 14. ತೂಕ ಸಾವಿರ ಪೌಂಡುಗಳಲ್ಲಿದೆ, ಮೈಲೇಜ್ ಗ್ಯಾಲನ್‌ಗೆ ಇಷ್ಟು ಮೈಲಿ ಎಂಬ ಲೆಕ್ಕದಲ್ಲಿದೆ. ಸಿಲಿಂಡರಿನ ಸಂಖ್ಯೆಗೆ ಬಣ್ಣ ಕೊಟ್ಟು ಗೆರೆ ಎಳೆಯಿರಿ ಎಂದರೆ ವಿದ್ಯಾರ್ಥಿಗಳಿಗೆ ಮೊದಲ ಸಲ ಬರುವುದು ಮೂರು ಗೆರೆಗಳಲ್ಲ, ಒಂದೇ ಗೆರೆ. 4, 6, 8 ಎಂಬವು ಕಂಪ್ಯೂಟರಿನ ಪಾಲಿಗೆ ಬರೀ ಸಂಖ್ಯೆಗಳು. ಅವುಗಳಿಗೆ ದಟ್ಟದಿಂದ ತಿಳಿಗೆ ಹೋಗುವ ಒಂದೇ ಬಣ್ಣದ ಛಾಯೆಗಳು ಸಿಗುತ್ತವೆಯೇ ಹೊರತು ಗುಂಪುಗಳಾಗುವುದಿಲ್ಲ. ಸಿಲಿಂಡರನ್ನು ಫ್ಯಾಕ್ಟರ್ (ಅಂದರೆ ಗುಂಪಿನ ಗುರುತು) ಎಂದು ಘೋಷಿಸಿದ ಮೇಲಷ್ಟೇ ಮೂರು ಗೆರೆಗಳು ಬರುತ್ತವೆ. ಹಾಗೆಯೇ ಬಣ್ಣದ ಸೂಚನೆಯನ್ನು ಚುಕ್ಕೆಗಳಿಗೆ ಮಾತ್ರ ಕೊಟ್ಟರೆ ಚುಕ್ಕೆಗಳು ಮೂರು ಬಣ್ಣದಲ್ಲಿದ್ದು, ಗೆರೆಯೂ ಸಮೀಕರಣವೂ ಒಂದೊಂದೇ ಆಗುತ್ತವೆ. ಸೂಚನೆಯನ್ನು ಇಡೀ ನಕ್ಷೆಗೆ ಕೊಡಬೇಕು, ಆಗ ಮೂರು ಪದರಗಳೂ ಅದನ್ನು ಪಾಲಿಸುತ್ತವೆ.

ಮೂರು ಗೆರೆಗಳು ಬಂದವು ಎನ್ನೋಣ. 4 ಸಿಲಿಂಡರಿನ ಕಾರುಗಳಿಗೆ ಮೈಲೇಜ್ = 39.57 − 5.65 × ತೂಕ, 6ಕ್ಕೆ ಮೈಲೇಜ್ = 28.41 − 2.78 × ತೂಕ, 8ಕ್ಕೆ ಮೈಲೇಜ್ = 23.87 − 2.19 × ತೂಕ. ಇವು ಸರಿಯಾದ ಗೆರೆಗಳ ಪಕ್ಕದಲ್ಲಿವೆಯೇ ಎಂದು ನೋಡಲು ನಿವೃತ್ತ ಎಂಜಿನಿಯರರ ಪರೀಕ್ಷೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 4 ಸಿಲಿಂಡರಿನ ಸಮೀಕರಣದಲ್ಲಿ ತೂಕದ ಜಾಗಕ್ಕೆ 3 ಹಾಕಿದರೆ 22.6 ಬರುತ್ತದೆ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 9.6 ಕಿಲೋಮೀಟರ್. ನಕ್ಷೆಯಲ್ಲಿ 3ರ ಮೇಲೆ ಸ್ಕೇಲ್ ನಿಲ್ಲಿಸಿದಾಗ ಆ ಬಣ್ಣದ ಗೆರೆ 22.6ರ ಆಸುಪಾಸಿನಲ್ಲಿ ಸಿಗಲೇಬೇಕು. ಅರ್ಧ ನಿಮಿಷದ ಕೆಲಸ.

ಅದೇ ಪರೀಕ್ಷೆಯನ್ನು 8 ಸಿಲಿಂಡರಿನ ಗೆರೆಗೆ ಮಾಡಹೊರಟರೆ ಅಲ್ಲಿ ಗೆರೆಯೇ ಇರುವುದಿಲ್ಲ. ಆ ಗುಂಪಿನ ಅತಿ ಹಗುರ ಕಾರಿನ ತೂಕವೇ 3.17, 4 ಸಿಲಿಂಡರಿನ ಅತಿ ಭಾರದ ಕಾರು 3.19. ಈ ಎರಡು ಗುಂಪುಗಳು ತೂಕದ ಅಕ್ಷದ ಮೇಲೆ ಒಂದನ್ನೊಂದು ಮುಟ್ಟುವುದು ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ. ಆದ್ದರಿಂದ 39.57 ಮತ್ತು 23.87 ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ; ಅವು ತೂಕ ಸೊನ್ನೆಯಾದ ಕಾರಿನ ಮೈಲೇಜನ್ನು ಹೇಳುತ್ತವೆ, ಅಂಥ ಕಾರು ಎಲ್ಲೂ ಇಲ್ಲ. ರಾಗಿಯ ನಕ್ಷೆಯಲ್ಲಿ ಹಾಗಲ್ಲ. ಅಲ್ಲಿ ಸೊನ್ನೆ ಸಾರಜನಕ ಎಂದರೆ ಗೊಬ್ಬರ ಹಾಕದ ತಾಕು, ಅದನ್ನು ಬಿತ್ತಿ ಬೆಳೆದು ತೂಗಿದ್ದಾರೆ, ಹಾಗಾಗಿ ಆ ಮೊದಲ ಅಂಕಿ ರೈತನಿಗೂ ಅರ್ಥವಾಗುವ ಮಾತು. ಸಮೀಕರಣವನ್ನು ನಕ್ಷೆಯ ಮೇಲೆ ಬರೆಯುವ ಮೊದಲು ಅದರ ಎರಡು ಅಂಕಿಗಳಲ್ಲಿ ಯಾವುದು ಮಾತಾಡುತ್ತದೆ, ಯಾವುದು ಬರೀ ಗೆರೆಯನ್ನು ಹಿಡಿದು ನಿಲ್ಲಿಸಿದೆ ಎಂದು ಕೇಳಿಕೊಳ್ಳಬೇಕು.

ನನ್ನ ಪ್ರಕಾರ ಅತಿ ದೊಡ್ಡ ಪ್ರಶ್ನೆ ಇದಕ್ಕಿಂತಲೂ ಹಿಂದಿನದು: ಮೂರು ಸಮೀಕರಣಗಳನ್ನು ಬರೆಯುವ ಹಕ್ಕು ನಮಗಿದೆಯೇ? ಮೂರು ಬೇರೆ ಬೇರೆ ಇಳಿಜಾರುಗಳನ್ನು (ತೂಕವನ್ನು ಗುಣಿಸುವ ಅಂಕಿಗಳನ್ನು) ಬರೆದಾಗ ತೂಕದ ಪರಿಣಾಮ ಗುಂಪಿನಿಂದ ಗುಂಪಿಗೆ ಬದಲಾಗುತ್ತದೆ ಎಂದು ನಾವು ಹೇಳಿದಂತಾಗುತ್ತದೆ. ಈ ಕಾರುಗಳ ದತ್ತಾಂಶ ಆ ಮಾತನ್ನು ಬೆಂಬಲಿಸುವುದಿಲ್ಲ. ಮೂರು ಗುಂಪುಗಳಿಗೂ ಒಂದೇ ಇಳಿಜಾರು ಇರುವ ಮಾದರಿಯನ್ನೂ, ಇಳಿಜಾರು ಬೇರೆ ಬೇರೆ ಇರುವ ಮಾದರಿಯನ್ನೂ ಎದುರುಬದುರು ಇಟ್ಟು ಎಫ್ ಪರೀಕ್ಷೆ ಮಾಡಿದರೆ ಪಿ ಬೆಲೆ 0.12 ಬರುತ್ತದೆ; ಅಂದರೆ ಇಳಿಜಾರುಗಳು ನಿಜಕ್ಕೂ ಒಂದೇ ಆಗಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ನೂರಕ್ಕೆ ಹನ್ನೆರಡು. 5.65ಕ್ಕೂ 2.19ಕ್ಕೂ ಕಣ್ಣಿಗೆ ದೊಡ್ಡ ಅಂತರ ಕಾಣುತ್ತದೆ, ಆದರೆ 4 ಸಿಲಿಂಡರಿನ ಇಳಿಜಾರಿನ ಪ್ರಮಾಣ ದೋಷವೇ (ಅಂದಾಜು ಎಷ್ಟು ಆಚೀಚೆಯಾಗಬಹುದು ಎಂಬುದರ ಅಳತೆ) 1.85 ಇದೆ, ಹನ್ನೊಂದು ಕಾರುಗಳಿಂದ ಅದಕ್ಕಿಂತ ಖಚಿತವಾದ ಉತ್ತರ ನಿರೀಕ್ಷಿಸುವಂತಿಲ್ಲ. ಒಂದೇ ಇಳಿಜಾರಿನ ಮಾದರಿ ಕೊಡುವ ಉತ್ತರ ಹೀಗಿದೆ: ಎಲ್ಲ ಗುಂಪಿನಲ್ಲೂ ಸಾವಿರ ಪೌಂಡಿಗೆ 3.21 ಮೈಲಿ ಇಳಿಕೆ, ಮತ್ತು ಗೆರೆಗಳು ಹೊರಡುವ ಎತ್ತರ 4, 6, 8 ಸಿಲಿಂಡರುಗಳಿಗೆ ಅನುಕ್ರಮವಾಗಿ 33.99, 29.74, 27.92. ಇವು ಮೂರು ಸಮಾಂತರ ಗೆರೆಗಳು. ಇವನ್ನು ಜಿಜಿಪ್ಲಾಟ್2ರಲ್ಲಿ ಗೆರೆ ಎಳೆಯುವ ಜಿಯೋಮ್_ಸ್ಮೂತ್ ಫಂಕ್ಷನ್ ಎಳೆಯಲಾರದು, ಏಕೆಂದರೆ ಅದು ಒಂದು ಗುಂಪಿನ ಲೆಕ್ಕ ಮಾಡುವಾಗ ಪಕ್ಕದ ಗುಂಪನ್ನು ನೋಡುವುದೇ ಇಲ್ಲ. ಮಾದರಿಯನ್ನು ನಾವೇ ಹೊಂದಿಸಿ, ಅದರಿಂದ ಅಂದಾಜು ಬೆಲೆಗಳನ್ನು ಪಡೆದು ಗೆರೆ ಎಳೆಸಿ, ಅದೇ ಮಾದರಿಯ ಗುಣಾಂಕಗಳನ್ನು ಓದಿ ಲೇಬಲ್ ಕಟ್ಟುವ ಎರಡು ಸಾಲಿನ ಕೋಡ್ ಬರೆಯಬೇಕು. ಸಮಾಂತರ ಗೆರೆ ಎಳೆದು ಪಕ್ಕದಲ್ಲಿ ಬೇರೆ ಬೇರೆ ಇಳಿಜಾರಿನ ಸಮೀಕರಣ ಬರೆದಿರುವ ನಕ್ಷೆಗಳನ್ನು ನಾನು ನೋಡಿದ್ದೇನೆ. ಎರಡೂ ಬೇರೆ ಬೇರೆ ಲೆಕ್ಕದಿಂದ ಬಂದವು ಎಂಬುದು ಬರೆದವರಿಗೆ ಗೊತ್ತಿರಲಿಲ್ಲ.

ಗುಂಪುಗಳ ತೊಂದರೆಯನ್ನು ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯೂ ಹಳೆಯದೇ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ 205 ಜೋಡಿ ತಂದೆತಾಯಿಯರ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರವನ್ನು ಪರಿಶೀಲಿಸಿದಾಗ ಗಂಡು–ಹೆಣ್ಣುಗಳಿಗೆ ಬೇರೆ ಗೆರೆ ಎಳೆಯಲಿಲ್ಲ. ಹೆಂಗಸರ ಎತ್ತರವನ್ನೆಲ್ಲ 1.08ರಿಂದ ಗುಣಿಸಿ, ಎಲ್ಲರನ್ನೂ ಒಂದೇ ಅಳತೆಗೆ ತಂದುಕೊಂಡ. ರಿಗ್ರೆಷನ್ ಎಂಬ ಹೆಸರು ಬಂದದ್ದು ಆ ಕೆಲಸದಿಂದಲೇ. ಗುಂಪುಗಳನ್ನು ಹೀಗೆ ಕೂಡಿಸಬಹುದೇ ಎಂಬುದು ಪ್ರತಿ ಬಾರಿಯೂ ದತ್ತಾಂಶವನ್ನು ನೋಡಿ ತೀರ್ಮಾನಿಸಬೇಕಾದ ವಿಷಯ. ಕೂಡಿಸಬಾರದ ಕಡೆ ಕೂಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಐರಿಸ್ ಹೂಗಳ ದತ್ತಾಂಶವಿದೆ. ಎಡ್ಗರ್ ಆಂಡರ್ಸನ್ ಸಂಗ್ರಹಿಸಿದ ಅಳತೆಗಳನ್ನು ಆರ್. ಎ. ಫಿಶರ್ 1936ರಲ್ಲಿ ಬಳಸಿಕೊಂಡರು, ಮೂರು ಜಾತಿಯ ಐವತ್ತೈವತ್ತು ಹೂಗಳು. ಪುಷ್ಪಪತ್ರದ (ಹೂವಿನ ಹೊರ ಎಸಳಿನ) ಉದ್ದ ಹೆಚ್ಚಿದಂತೆ ಅಗಲ ಎಷ್ಟು ಬದಲಾಗುತ್ತದೆ ಎಂದು ಎಲ್ಲ 150 ಹೂಗಳಿಗೂ ಒಂದೇ ಗೆರೆ ಎಳೆದರೆ ಇಳಿಜಾರು −0.06, ಅಂದರೆ ಗೆರೆ ತುಸು ಇಳಿಯುತ್ತದೆ. ಜಾತಿಗೊಂದು ಗೆರೆ ಎಳೆದರೆ ಮೂರೂ ಏರುತ್ತವೆ: ಸೆಟೋಸಾಗೆ 0.80, ವರ್ಸಿಕಲರ್‌ಗೆ 0.32, ವರ್ಜಿನಿಕಾಗೆ 0.23. ಮೂರು ಬಣ್ಣದ ಚುಕ್ಕೆಗಳ ಮೇಲೆ ಆ ಒಂದು ಸಮೀಕರಣವನ್ನು ಬರೆದರೆ ಚುಕ್ಕೆಗಳು ಹೇಳುವುದಕ್ಕೂ ಅಕ್ಷರ ಹೇಳುವುದಕ್ಕೂ ನೇರ ವಿರೋಧ. ಕಾರುಗಳಲ್ಲೂ ಇದರ ಸಣ್ಣ ರೂಪವೊಂದಿದೆ: ಎಲ್ಲ 32 ಕಾರುಗಳ ಒಂದೇ ಗೆರೆಗೆ ಆರ್-ವರ್ಗ (ಮೈಲೇಜಿನ ಏರಿಳಿತದಲ್ಲಿ ಗೆರೆ ವಿವರಿಸುವ ಪಾಲು) 0.75, ಗುಂಪುಗಳೊಳಗೆ ಅದು 0.51, 0.46 ಮತ್ತು 0.42. ದೊಡ್ಡ ಅಂಕಿಯನ್ನು ಕಂಡು ಅದನ್ನೇ ಗುಂಪುಗಳ ನಕ್ಷೆಯ ಮೇಲೆ ಬರೆಯುವ ಆಸೆ ಹಲವರಿಗೆ ಬರುತ್ತದೆ. ಆ 0.75ರಲ್ಲಿ ಗುಂಪು ಗುಂಪುಗಳ ನಡುವಿನ ವ್ಯತ್ಯಾಸವೂ ಸೇರಿಕೊಂಡಿದೆ.

ಈಗ ನನ್ನನ್ನು ಬಹಳ ಕಾಡಿದ ಒಂದು ಸಂಗತಿ. ನಕ್ಷೆ ಚೆನ್ನಾಗಿ ಕಾಣಲಿ ಎಂದು ನಾವು ಅಕ್ಷದ ಮಿತಿಯನ್ನು ಬದಲಿಸುತ್ತೇವೆ. ಕಾರುಗಳಲ್ಲಿ ಹೆಚ್ಚಿನವು 4.1ಕ್ಕಿಂತ ಕಡಿಮೆ ತೂಕದವು. 5ಕ್ಕಿಂತ ಭಾರವಾದವು ಮೂರು ಮಾತ್ರ, ಮೂರೂ 8 ಸಿಲಿಂಡರಿನವು. ಬಲಗಡೆ ಜಾಗ ವ್ಯರ್ಥವಾಗುತ್ತಿದೆಯೆಂದು ಅಕ್ಷವನ್ನು 4.5ಕ್ಕೆ ನಿಲ್ಲಿಸೋಣ ಎನ್ನಿಸುವುದು ಸಹಜ. ಜಿಜಿಪ್ಲಾಟ್2ರಲ್ಲಿ ಇದಕ್ಕೆ ಎರಡು ದಾರಿಗಳಿವೆ. ಸ್ಕೇಲ್‌ನ (ಅಕ್ಷದ ಅಳತೆಯ) ಮಿತಿಯನ್ನು ಬದಲಿಸಿದರೆ ಅದರಾಚೆಗಿನ ಮೂರು ಕಾರುಗಳು ಲೆಕ್ಕದಿಂದಲೇ ಬಿದ್ದುಹೋಗುತ್ತವೆ, ಗೆರೆಯನ್ನು ಉಳಿದ ಹನ್ನೊಂದಕ್ಕೆ ಹೊಂದಿಸಲಾಗುತ್ತದೆ. ಕೋಆರ್ಡ್_ಕಾರ್ಟೀಸಿಯನ್ ಎಂಬ ಫಂಕ್ಷನ್ ಬಳಸಿದರೆ ಲೆಕ್ಕ ಇಡೀ ದತ್ತಾಂಶದ ಮೇಲೆ ನಡೆದು, ಆಮೇಲೆ ಚಿತ್ರವನ್ನಷ್ಟೇ ಹತ್ತಿರಕ್ಕೆ ತರಲಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ಚೌಕಟ್ಟು. ಆದರೆ ಮೊದಲನೆಯ ದಾರಿಯಲ್ಲಿ 8 ಸಿಲಿಂಡರಿನ ಇಳಿಜಾರು −2.19ರಿಂದ ಸುಮಾರು +0.42ಕ್ಕೆ ತಿರುಗಿಬಿಡುತ್ತದೆ: ಕಾರು ಭಾರವಾದಷ್ಟೂ ಮೈಲೇಜ್ ಹೆಚ್ಚುತ್ತದೆ ಎಂದು ಆ ಸಮೀಕರಣ ಹೇಳುತ್ತದೆ, ಮತ್ತು ಲೆಕ್ಕದ ಪ್ರಕಾರ ಅದು ತಪ್ಪೂ ಅಲ್ಲ, ಏಕೆಂದರೆ ಅದಕ್ಕೆ ಕೊಟ್ಟ ಹನ್ನೊಂದು ಕಾರುಗಳಿಗೆ ಅದೇ ಸರಿಯಾದ ಗೆರೆ. ಮೂರು ಸಾಲುಗಳನ್ನು ಕೈಬಿಡಲಾಗಿದೆ ಎಂಬ ಎಚ್ಚರಿಕೆ ಕನ್ಸೋಲಿನಲ್ಲಿ ಬಂದಿರುತ್ತದೆ; ಅದನ್ನು ಓದುವ ಅಭ್ಯಾಸ ಇರಬೇಕು. ಇದನ್ನು ಆ ಹುಡುಗಿಗೆ ಮಾಡಿ ತೋರಿಸಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಕೋಡಿನಲ್ಲಿ ಮಿತಿ ಎಲ್ಲಿ ಬರೆದಿದ್ದೇನೆಂದು ಹುಡುಕಿದಳು. ಆ ಎಂಟು ಸಿಲಿಂಡರಿನ ಗೆರೆಯನ್ನು ಮೂರೇ ಮೂರು ಕಾರುಗಳು ಎಳೆದು ಹಿಡಿದಿವೆ ಎಂಬುದೂ ಇದರಿಂದ ತಿಳಿಯುತ್ತದೆ. ಯಾವ ಸಮೀಕರಣವೂ ಅದನ್ನು ತಾನಾಗಿ ಹೇಳುವುದಿಲ್ಲ, ಆದ್ದರಿಂದಲೇ ಲೇಬಲ್ ಎಷ್ಟೇ ಚೆನ್ನಾಗಿದ್ದರೂ ಚುಕ್ಕೆಗಳನ್ನು ನಕ್ಷೆಯಿಂದ ತೆಗೆಯಬಾರದು. 1973ರಲ್ಲಿ ಫ್ರಾನ್ಸಿಸ್ ಆನ್‌ಸ್ಕೂಂಬ್ ರಚಿಸಿದ ನಾಲ್ಕು ಗುಂಪುಗಳಿಗೂ ಸಮೀಕರಣ 3 ಕೂಡಿಸು 0.5 ಎಕ್ಸ್ ಎಂದೇ ಬರುತ್ತದೆ, ಆರ್-ವರ್ಗ ನಾಲ್ಕಕ್ಕೂ 0.67, ಚುಕ್ಕೆಗಳ ಆಕಾರ ಮಾತ್ರ ನಾಲ್ಕು ಬಗೆ.

ಸೂತ್ರವೂ ಎರಡೂ ಕಡೆ ಒಂದೇ ಇರಬೇಕು. ಸಾರಜನಕ ಹೆಚ್ಚಿಸಿದಂತೆ ಇಳುವರಿ ಏರುತ್ತಾ ಹೋಗಿ ಒಂದು ಹಂತದಲ್ಲಿ ಬಾಗುವುದುಂಟು, ಆಗ ವರ್ಗಪದವಿರುವ ವಕ್ರರೇಖೆ ಎಳೆಯುತ್ತಾರೆ. ಗೆರೆಯ ಪದರಕ್ಕೆ ವರ್ಗಪದ ಸೇರಿಸಿ ಸಮೀಕರಣದ ಪದರಕ್ಕೆ ಸೇರಿಸುವುದನ್ನು ಮರೆತರೆ ಬಾಗಿದ ಗೆರೆಯ ಪಕ್ಕದಲ್ಲಿ ಸರಳರೇಖೆಯ ಸಮೀಕರಣ ಕೂರುತ್ತದೆ. ಆರ್‌ನ ಪಾಲಿ ಫಂಕ್ಷನ್ ಬಳಸುವಾಗ ‘ರಾ’ ಎಂಬ ಆಯ್ಕೆಯನ್ನು ನಿಜವೆಂದು ಕೊಡದಿದ್ದರೆ ಗುಣಾಂಕಗಳು ಪರಸ್ಪರ ಲಂಬವಾಗಿಸಿದ ಬಹುಪದಗಳಿಗೆ ಸೇರಿದವಾಗುತ್ತವೆ, ಸಾರಜನಕದ ಮೂಲ ಅಳತೆಗಲ್ಲ. ಗೆರೆ ಸರಿಯಾಗಿಯೇ ಬರುತ್ತದೆ, ಸಮೀಕರಣಕ್ಕೆ ಕಿಲೋಗ್ರಾಮಿನ ಲೆಕ್ಕ ಹಾಕಿದರೆ ಅರ್ಥವಿಲ್ಲದ ಉತ್ತರ ಬರುತ್ತದೆ. ಅಕ್ಷವನ್ನು ಲಾಗ್ ಅಳತೆಗೆ ಬದಲಿಸಿದಾಗಲೂ ಹಾಗೆ: ಪರಿವರ್ತನೆ ಮೊದಲು, ಲೆಕ್ಕ ಆಮೇಲೆ, ಆದ್ದರಿಂದ ಲೇಬಲ್ಲಿನ ಎಕ್ಸ್ ವಾಸ್ತವದಲ್ಲಿ ಎಕ್ಸ್‌ನ ಲಾಗ್, ಅದನ್ನು ಹಾಗೆಯೇ ಬರೆಯಬೇಕು. ಎಕ್ಸೆಲ್‌ನಲ್ಲಿ ಕೆಲಸ ಮಾಡುವವರಿಗೆ ಒಂದೇ ಮಾತು ಹೇಳುತ್ತೇನೆ. ಲೈನ್ ಚಾರ್ಟ್ ಮೇಲೆ ಟ್ರೆಂಡ್‌ಲೈನ್ ಹಾಕಿದರೆ ಅದು ಅಡ್ಡ ಅಕ್ಷದ ಬೆಲೆಗಳನ್ನು 1, 2, 3 ಎಂದೇ ತೆಗೆದುಕೊಳ್ಳುತ್ತದೆ, ಸಾರಜನಕ 0, 25, 50 ಎಂದಿದ್ದರೂ ಸರಿಯೇ. ಸ್ಕ್ಯಾಟರ್ ಚಾರ್ಟ್‌ನಲ್ಲಿ ಮಾತ್ರ ನಿಜವಾದ ಬೆಲೆಗಳು ಲೆಕ್ಕಕ್ಕೆ ಬರುತ್ತವೆ.

ಅಂಕಿಗಳನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದರಲ್ಲಿ ಎರಡೂ ಕಡೆ ಅಪಾಯವಿದೆ. ಪ್ರಮಾಣ ದೋಷ 1.85 ಇರುವ ಇಳಿಜಾರನ್ನು 5.6471 ಎಂದು ಬರೆದರೆ ಕೊನೆಯ ಅಂಕಿಗಳಿಗೆ ಯಾವ ಆಧಾರವೂ ಇಲ್ಲ. ಹಾಗೆಂದು ಎಲ್ಲವನ್ನೂ ಎರಡು ದಶಾಂಶಕ್ಕೆ ನಿಲ್ಲಿಸುತ್ತೇನೆ ಎಂದರೆ ಇನ್ನೂ ಕೆಟ್ಟದ್ದಾಗಬಹುದು. ಅದೇ ತೂಕವನ್ನು ಸಾವಿರ ಪೌಂಡಿನ ಬದಲು ಪೌಂಡಿನಲ್ಲೇ ಬರೆದರೆ ಇಳಿಜಾರು 0.005647 ಆಗುತ್ತದೆ, ಎರಡು ದಶಾಂಶಕ್ಕೆ ಅದು 0.01. ಈಗ 3000 ಪೌಂಡಿನ ಕಾರಿನ ಲೆಕ್ಕ ಹಾಕಿ: 39.57ರಿಂದ 30 ಕಳೆದರೆ 9.57. ಇರಬೇಕಾದದ್ದು 22.6. ಗೆರೆ 22.6ರಲ್ಲಿ ಹಾದುಹೋಗುತ್ತಿರುವಾಗ ಅದರ ಹೆಸರಿನ ಸಮೀಕರಣ 9.57 ಎನ್ನುತ್ತದೆ. ದಶಾಂಶದ ಸ್ಥಾನಗಳನ್ನು ಎಣಿಸುವ ಬದಲು ಸಾರ್ಥಕ ಅಂಕಿಗಳನ್ನು, ಅಂದರೆ ಸೊನ್ನೆಯಲ್ಲದ ಮೊದಲ ಅಂಕಿಯಿಂದ ಶುರುಮಾಡಿ, ಎಣಿಸಬೇಕು. ಮೂರು ಸಾರ್ಥಕ ಅಂಕಿಗಳು ನಾನು ನೋಡಿದ ಹೆಚ್ಚಿನ ನಕ್ಷೆಗಳಿಗೆ ಸಾಕು. ಅದಕ್ಕಿಂತಲೂ ಒಳ್ಳೆಯ ಉಪಾಯ, ಸೊನ್ನೆಗಳ ಸಾಲು ಬಾರದ ಹಾಗೆ ಅಳತೆಯ ಮಾನವನ್ನೇ ಆರಿಸಿಕೊಳ್ಳುವುದು.

ಇನ್ನು ಜಾಗ, ಬಣ್ಣ, ಹೆಸರು. ಮೂಲೆಯಲ್ಲಿ ಪಟ್ಟಿ ಮಾಡುವುದಕ್ಕಿಂತ ಪ್ರತಿ ಗೆರೆಯ ಬಲತುದಿಯಲ್ಲಿ ಅದರ ಸಮೀಕರಣವನ್ನು ಬರೆದು, ಅದರ ಮುಂದೆ ಗುಂಪಿನ ಹೆಸರನ್ನೂ ಸೇರಿಸುವುದು ನನಗೆ ಇಷ್ಟ. ಹೀಗೆ ಮಾಡಿದರೆ ಬಣ್ಣದ ಸೂಚಿಯೇ ಬೇಡವಾಗುತ್ತದೆ, ಕಣ್ಣು ಗೆರೆಯಿಂದ ಮೂಲೆಗೆ ಮೂಲೆಯಿಂದ ಗೆರೆಗೆ ಓಡಾಡುವುದು ತಪ್ಪುತ್ತದೆ, ಮತ್ತು ಕೆಂಪು–ಹಸಿರು ಬೇರ್ಪಡಿಸಿ ಕಾಣಲಾಗದವರಿಗೂ ಜೆರಾಕ್ಸ್ ಓದುವವರಿಗೂ ಅನ್ಯಾಯವಾಗುವುದಿಲ್ಲ. ಬಲಗಡೆ ಅಂಚನ್ನು ಅಗಲ ಮಾಡಿ ಅಕ್ಷರಗಳಿಗೆ ಜಾಗ ಬಿಡಬೇಕು. ಗೆರೆಗಳ ತುದಿ ತೀರಾ ಹತ್ತಿರವಿದ್ದರೆ ಲೇಬಲ್ಲುಗಳನ್ನು ಮೇಲೆ ಕೆಳಗೆ ಸರಿಸಬಹುದು, ಕ್ರಮವನ್ನು ಮಾತ್ರ ಗೆರೆಗಳ ಕ್ರಮದಂತೆಯೇ ಇಡಬೇಕು. ಬಣ್ಣಗಳನ್ನು ಮಸಾಟಾಕಾ ಒಕಾಬೆ ಮತ್ತು ಕೇ ಇಟೊ ರೂಪಿಸಿದ ಎಂಟು ಬಣ್ಣಗಳ ಗುಂಪಿನಿಂದ ಆರಿಸಿಕೊಳ್ಳುತ್ತೇನೆ, ಅದರಲ್ಲಿನ ಹಳದಿಯನ್ನು ಅಕ್ಷರಕ್ಕೆ ಬಳಸುವುದಿಲ್ಲ, ಬಿಳಿ ಹಾಳೆಯ ಮೇಲೆ ಅದು ಕಾಣುವುದಿಲ್ಲ. ಒಂದು ಗೆರೆ ಪೂರ್ತಿ, ಒಂದು ತುಂಡು ತುಂಡು, ಒಂದು ಚುಕ್ಕೆ ಚುಕ್ಕೆ ಎಂದು ಗೆರೆಯ ಬಗೆಯನ್ನೂ ಬದಲಿಸಿದರೆ ಬಣ್ಣ ಹೋದರೂ ಗುರುತು ಉಳಿಯುತ್ತದೆ.

ಎಕ್ಸ್, ವೈ ಎಂದು ಬರೆಯಬೇಡಿ ಎಂದು ಎಲ್ಲ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಸ್ಟ್ಯಾಟ್_ಪಾಲಿ_ಈಕ್ಯೂಗೆ ಎಡಭಾಗದ ಹೆಸರನ್ನೂ ಬಲಭಾಗದ ಹೆಸರನ್ನೂ ಬದಲಿಸುವ ಆಯ್ಕೆಗಳಿವೆ. ‘ಇಳುವರಿ’, ‘ಸಾರಜನಕ’ ಎಂದೇ ಬರೆಸಬಹುದು. ಕನ್ನಡದಲ್ಲಿ ಬರೆಸುವಾಗ ಒಂದು ಎಚ್ಚರಿಕೆ ಬೇಕು. ಆರ್‌ನ ಸಾಮಾನ್ಯ ಪಿಡಿಎಫ್ ವಿಧಾನ ಕನ್ನಡದ ಒತ್ತಕ್ಷರಗಳನ್ನು ಜೋಡಿಸುವುದಿಲ್ಲ. ಕನ್ನಡ ಫಾಂಟ್ ಒಂದನ್ನು ಹಾಕಿಕೊಂಡು, ಚಿತ್ರವನ್ನು ರ‍್ಯಾಗ್ ಪ್ಯಾಕೇಜಿನ ಮೂಲಕ ಉಳಿಸಿದರೆ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತವೆ. ನಾನು ನೋಟೊ ಸಾನ್ಸ್ ಕನ್ನಡ ಬಳಸುತ್ತೇನೆ.

ಆ ಹುಡುಗಿ ಹತ್ತು ದಿನ ಬಿಟ್ಟು ಮತ್ತೆ ಬಂದಳು. ವರ್ಗಪದ ಸೇರಿಸಿ ನೋಡಿದ್ದಳು, ಅವಳ ತಾಕುಗಳ ಮಟ್ಟಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ. ಮೂರು ತಳಿಗಳ ಇಳಿಜಾರುಗಳ ನಡುವಿನ ವ್ಯತ್ಯಾಸವೂ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಆದ್ದರಿಂದ ಮೂರಕ್ಕೂ ಒಂದೇ ಇಳಿಜಾರಿನ ಮಾದರಿಯನ್ನು ಆರಿಸಿ, ಸಮಾಂತರ ಗೆರೆಗಳನ್ನು ಎಳೆದು, ಪ್ರತಿ ಗೆರೆಯ ತುದಿಯಲ್ಲಿ ತಳಿಯ ಹೆಸರಿನೊಂದಿಗೆ ಅದೇ ಮಾದರಿಯ ಸಮೀಕರಣವನ್ನು ಬರೆಸಿದ್ದಳು. ಯಾವ ಮಾದರಿ, ಒಟ್ಟು ಎಷ್ಟು ತಾಕು, ಇಳಿಜಾರಿನ ಪ್ರಮಾಣ ದೋಷ ಎಷ್ಟು ಎಂಬ ಮೂರೂ ವಿಷಯಗಳು ಚಿತ್ರದ ಕೆಳಗಿನ ಒಂದು ವಾಕ್ಯದಲ್ಲಿದ್ದವು. “ನಾಲ್ಕು ದಶಾಂಶ ತೆಗೆದರೆ ಗೈಡ್ ಏನಾದ್ರೂ ಅಂತಾರೇನೋ ಅಂತ ಭಯ ಇತ್ತು ಮೇಡಂ” ಎಂದಳು. ಈ ಸಲವೂ ಕಪ್ಪು–ಬಿಳುಪು ಪ್ರತಿಯನ್ನೇ ತರಿಸಿಕೊಂಡೆ. ಸ್ಕೇಲನ್ನು ಅವಳ ಕೈಗೆ ಕೊಟ್ಟು, ಸಾರಜನಕ 40 ಎಂಬಲ್ಲಿ ನಿಲ್ಲಿಸಿ, ಮೂರು ಗೆರೆಗಳ ಎತ್ತರವನ್ನೂ ಓದಲು ಹೇಳಿದೆ. ನಾನು ಪಕ್ಕದಲ್ಲಿ ಕೂತು ಮೂರು ಸಮೀಕರಣಗಳಿಗೂ 40 ಹಾಕಿ ಕ್ಯಾಲ್ಕುಲೇಟರ್ ಒತ್ತಿದೆ. ಅವಳು ಓದಿದ ಮೂರೂ ಅಂಕಿಗಳು ನನ್ನ ಮೂರು ಅಂಕಿಗಳಿಗೆ ತಾಳೆಯಾದವು.